ಗೇಜು ಹೆಚ್ಚಾದರೆ ದಪ್ಪವೋ ತೆಳುವೋ?

ಈ ಸಲದ ಪತ್ರಗಳಲ್ಲಿ ಬೇಲಿ, ಮೋಟರ್, ಸೂಜಿ, ರೈಲು, ಅಣೆಕಟ್ಟು ಎಲ್ಲ ಇವೆ. ಆದರೆ ಎಲ್ಲರ ತಕರಾರೂ ಬಂದು ನಿಲ್ಲುವುದು ‘ಗೇಜ್’ ಎಂಬ ಒಂದೇ ಪದದ ಮುಂದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಡಿಕೆ ತೋಟದ ಸುತ್ತ ತಂತಿ ಬೇಲಿ ಹಾಕಿಸಬೇಕು. ಒಂದು ಅಂಗಡಿಯಲ್ಲಿ 12 ಗೇಜ್ ತೋರಿಸಿದರು, ಪಕ್ಕದ ಅಂಗಡಿಯಲ್ಲಿ 14 ಗೇಜ್. ಹದಿನಾಲ್ಕು ದೊಡ್ಡದಲ್ಲವೇ, ಹಾಗಾದರೆ ಅದರ ರೇಟು ಯಾಕೆ ಕಡಿಮೆ? — ರೈತರು, ಹಿರಿಯೂರು

ಉತ್ತರ: ತಂತಿಯ ಲೆಕ್ಕದಲ್ಲಿ ಗೇಜ್ ಏರಿದಷ್ಟೂ ತಂತಿ ತೆಳುವಾಗುತ್ತದೆ. ನಮ್ಮಲ್ಲಿ ಬೇಲಿ ತಂತಿಗೆ ಬಳಸುವುದು ಬ್ರಿಟಿಷರ ಕಾಲದ ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಪಟ್ಟಿ. ಅದರಂತೆ 8 ಗೇಜ್ ಎಂದರೆ 4.06 ಮಿ.ಮೀ., 10 ಗೇಜ್ 3.25, 12 ಗೇಜ್ 2.64, 14 ಗೇಜ್ 2.03 ಮಿ.ಮೀ. ಮುಳ್ಳುತಂತಿಯ ಮೇಲೆ ‘12×14’ ಎಂದಿದ್ದರೆ ಹೆಣೆದ ಎರಡು ಉದ್ದ ಎಳೆಗಳು 12 ಗೇಜಿನವು, ಮುಳ್ಳು 14 ಗೇಜಿನದು.

ದನ ಒತ್ತಿದಾಗ ತಂತಿ ತಡೆಯುವುದು ಅದರ ಅಡ್ಡಕೊಯ್ತದಲ್ಲಿ ಎಷ್ಟು ಉಕ್ಕಿದೆ ಎಂಬುದರ ಮೇಲೆ. 12 ಗೇಜಿಗೆ ಹೋಲಿಸಿದರೆ 14 ಗೇಜಿನಲ್ಲಿ ಉಕ್ಕು ಶೇ. 41ರಷ್ಟು ಕಡಿಮೆ. ಆದರೆ 14 ಅನ್ನು ಯಾರೂ 12 ಎಂದು ಮಾರುವುದಿಲ್ಲ, ಕಣ್ಣಿಗೇ ಗೊತ್ತಾಗಿಬಿಡುತ್ತದೆ. ಮೋಸ ನಡೆಯುವುದು 13 ಗೇಜಿನಲ್ಲಿ. 2.34 ಮಿ.ಮೀ. ತಂತಿಯನ್ನು 12 ಎಂದು ಕೊಟ್ಟರೆ ಬರಿಗಣ್ಣಿಗೆ ತಿಳಿಯದು, ಉಕ್ಕು ಮಾತ್ರ ಶೇ. 21ರಷ್ಟು ಹೋಗಿರುತ್ತದೆ.

ಪರೀಕ್ಷೆ ಸುಲಭ. ಮುಳ್ಳಿಲ್ಲದ ಒಂದು ಎಳೆಯನ್ನು ಸರಿಯಾಗಿ ಒಂದು ಮೀಟರ್ ಕತ್ತರಿಸಿ, ನೆಟ್ಟಗೆ ಮಾಡಿ, ಗ್ರಾಂ ತೋರಿಸುವ ತಕ್ಕಡಿಯಲ್ಲಿಡಿ. 12 ಗೇಜ್ ಆದರೆ ಸುಮಾರು 43 ಗ್ರಾಂ, 13 ಆದರೆ 34, 14 ಆದರೆ 25, 10 ಆದರೆ 65 ಗ್ರಾಂ ಬರಬೇಕು. ಇನ್ನೊಂದು ವಿಷಯ: ಕೆಜಿ ಲೆಕ್ಕದಲ್ಲಿ ಕೊಂಡರೆ ತೆಳು ತಂತಿ ಹೆಚ್ಚು ಉದ್ದ ಬರುತ್ತದೆ, ‘ಲಾಭವಾಯಿತು’ ಅನ್ನಿಸುತ್ತದೆ. 12 ಗೇಜಿನ ಒಂಟಿ ತಂತಿ ಕೆಜಿಗೆ 23 ಮೀಟರ್ ಆಸುಪಾಸು, 14 ಗೇಜಿನದು 39 ಮೀಟರ್. ಆ ಲಾಭ ಬೇಲಿಯ ಆಯುಷ್ಯದಲ್ಲಿ ಕಳೆದುಹೋಗುತ್ತದೆ. ಅದರಲ್ಲೂ ಸತುವಿನ ಲೇಪ ತೆಳುವಾಗಿದ್ದರೆ ಸಣ್ಣ ತಂತಿಯನ್ನು ತುಕ್ಕು ಬೇಗ ತಿಂದು ಮುಗಿಸುತ್ತದೆ. ಜಾಲರಿ ಬೇಲಿಗೂ ಇದೇ ಮಾತು. ಅಲ್ಲಿ ಜಾಲರಿಯ ಕಣ್ಣಿನ, ಅಂದರೆ ತೂತಿನ, ಅಳತೆಯನ್ನೂ ಕೇಳಿ. ಗೇಜ್ ಸರಿಯಿದ್ದು ಕಣ್ಣು ಅಗಲವಾಗಿದ್ದರೂ ತೂಕ ಇಳಿಯುತ್ತದೆ.

ಪ್ರಶ್ನೆ: ಸಂಖ್ಯೆ ಹೆಚ್ಚಿದಂತೆ ತೆಳುವಾಗುವ ಈ ತಲೆಕೆಳಗು ಲೆಕ್ಕ ಮಾಡಿದವರು ಯಾರು? — ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಯಾರೋ ಕೂತು ಮಾಡಿದ್ದಲ್ಲ, ಕಸುಬಿನಿಂದಲೇ ಬಂದದ್ದು. ಅಕ್ಕಸಾಲಿಗರ ಬಳಿ ತೂತುಗಳ ಸಾಲಿರುವ ಉಕ್ಕಿನ ಪಟ್ಟಿ ಇರುತ್ತದೆ, ಕಂಬಿಯಚ್ಚು. ಸರಳಿನ ತುದಿಯನ್ನು ಚೂಪು ಮಾಡಿ ಮೊದಲ ತೂತಿಗೆ ತೂರಿಸಿ ಇಕ್ಕಳದಿಂದ ಎಳೆಯುತ್ತಾರೆ, ಆಮೇಲೆ ಅದಕ್ಕಿಂತ ಸಣ್ಣ ತೂತು, ಆಮೇಲೆ ಇನ್ನೂ ಸಣ್ಣದು. ಒಮ್ಮೆಲೇ ಸಣ್ಣ ತೂತಿಗೆ ಹಾಕಿದರೆ ತಂತಿ ತುಂಡಾಗುತ್ತದೆ. ಇಂಗ್ಲೆಂಡಿನ ತಂತಿ ಕಾರ್ಖಾನೆಗಳಲ್ಲೂ ಕೆಲಸ ಹೀಗೆಯೇ. ಗೇಜ್ ಸಂಖ್ಯೆ ಹುಟ್ಟಿದ್ದು ಎಷ್ಟನೆಯ ಎಳೆತ ಎಂಬ ಲೆಕ್ಕದಿಂದ. ಹೆಚ್ಚು ಸಲ ಎಳೆದದ್ದು ತೆಳು, ಅಷ್ಟೇ.

ತೊಂದರೆ ಏನೆಂದರೆ ಒಂದೊಂದು ಊರಿನ ಕಾರ್ಖಾನೆಗೂ ಒಂದೊಂದು ಪಟ್ಟಿ ಇತ್ತು. ಬ್ರಿಟನ್ನಿನಲ್ಲಿ ಕಾನೂನುಬದ್ಧ ಪಟ್ಟಿ ಜಾರಿಗೆ ಬಂದದ್ದು 1884ರಲ್ಲಿ. ಅಮೆರಿಕದವರು ಎಡಬ್ಲ್ಯುಜಿ ಎಂಬ ತಮ್ಮದೇ ಪಟ್ಟಿ ಇಟ್ಟುಕೊಂಡರು. ಹಾಗಾಗಿ ಮೋಟರ್ ಅಂಗಡಿಯ 24 ಗೇಜ್ ತಾಮ್ರದ ತಂತಿ 0.56 ಮಿ.ಮೀ. ಇದ್ದರೆ, ಇಂಟರ್ನೆಟ್ ಕೇಬಲ್ ಮೇಲೆ ಅಚ್ಚಾದ 24 ಎಡಬ್ಲ್ಯುಜಿ 0.51 ಮಿ.ಮೀ. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿರುವ ಸ್ಕ್ರೂಗೇಜಿನಿಂದ ಎರಡನ್ನೂ ಅಳೆದು ನೋಡಿ. ನೂರನೆಯ ಒಂದು ಮಿ.ಮೀ. ವರೆಗೆ ಅದು ತೋರಿಸುತ್ತದೆ; ಮೊದಲು ಸೊನ್ನೆ ದೋಷ ಕಳೆಯುವುದನ್ನು ಮರೆಯಬೇಡಿ.

ಪ್ರಶ್ನೆ: 40 ವರ್ಷ ಹಳೆಯ ಮನೆಗೆ ಹೊಸ ವೈರಿಂಗ್ ಮಾಡಿಸುತ್ತಿದ್ದೇವೆ. ಹಳೆಯ ಚೀಟಿಯಲ್ಲಿ ‘3/20’, ‘7/20’ ಎಂದಿದೆ. ಈಗಿನ ಅಂಗಡಿಯ ಹುಡುಗನಿಗೆ ಇದು ಅರ್ಥವಾಗಲಿಲ್ಲ. — ಗೃಹಿಣಿ, ಧಾರವಾಡ

ಉತ್ತರ: ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಪ್ರತಿ ಎಳೆಯ ಗೇಜ್. 3/20 ಎಂದರೆ 20 ಗೇಜಿನ ಮೂರು ತಾಮ್ರದ ಎಳೆ, ಒಟ್ಟು ಸುಮಾರು 2 ಚದರ ಮಿ.ಮೀ. 7/20 ಸುಮಾರು 4.6, 7/22 ಸುಮಾರು 2.8, 3/22 ಮತ್ತು 1/18 ಎರಡೂ 1.2ರ ಹತ್ತಿರ. ಈಗ ವೈರು ಬರುವುದು 1, 1.5, 2.5, 4, 6 ಚದರ ಮಿ.ಮೀ. ಅಳತೆಗಳಲ್ಲಿ. ಹಳೆಯದಕ್ಕೆ ಸರಿಸಾಟಿ ಹುಡುಕುವಾಗ ಯಾವಾಗಲೂ ಮೇಲಿನದನ್ನೇ ಹಿಡಿಯಿರಿ: 3/20 ಇದ್ದಲ್ಲಿ 2.5, 7/20 ಇದ್ದಲ್ಲಿ 6. ಹಾಗೆಂದು ಹಳೆಯ ಚೀಟಿಯನ್ನೇ ನಕಲು ಮಾಡಬೇಡಿ. ಆಗ ಮನೆಯಲ್ಲಿ ಗೀಸರ್, ಎಸಿ ಇರಲಿಲ್ಲ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ; ಅದಕ್ಕೆ ಬೋರ್ಡಿನಿಂದಲೇ ಪ್ರತ್ಯೇಕವಾಗಿ 2.5ರ ವೈರು ಎಳೆಸಿ. ಒಂದೂವರೆ ಟನ್ ಎಸಿಗೆ 4 ಹಾಕಿಸುವುದು ಒಳ್ಳೆಯದು.

ಪ್ರಶ್ನೆ: ಕೃಷಿ ಹೊಂಡಕ್ಕೆ 500 ಮೈಕ್ರಾನ್ ಹಾಳೆ ಬೇಕೆಂದು ಹೇಳಿದ್ದಾರೆ. ಅಂಗಡಿಯವರು ‘2000 ಗೇಜ್ ಇದೆ, ಭಾರೀ ಗಟ್ಟಿ’ ಎನ್ನುತ್ತಾರೆ. ಗೇಜ್ ಹೆಚ್ಚಾದರೆ ತೆಳು ಎಂದು ಕೇಳಿದ್ದೆ, 2000 ಅಂದರೆ ಕೂದಲಿಗಿಂತ ತೆಳುವಾಗಬೇಕಲ್ಲ? — ರೈತರು, ಗದಗ ಜಿಲ್ಲೆ

ಉತ್ತರ: ಅಂಗಡಿಯವರು ಸರಿಯಾಗಿಯೇ ಹೇಳಿದ್ದಾರೆ. ಪ್ಲಾಸ್ಟಿಕ್ ಹಾಳೆಯ ಗೇಜ್ ಬೇರೆಯೇ ಜಾತಿ. ಇಲ್ಲಿ ಒಂದು ಗೇಜ್ ಎಂದರೆ ಇಂಚಿನ ಲಕ್ಷದಲ್ಲಿ ಒಂದು ಪಾಲು. ಸಂಖ್ಯೆ ಏರಿದಂತೆ ಹಾಳೆ ದಪ್ಪವಾಗುತ್ತದೆ. ನೆನಪಿಗೆ: ಗೇಜನ್ನು ನಾಲ್ಕರಿಂದ ಭಾಗಿಸಿದರೆ ಮೈಕ್ರಾನ್. 2000 ಗೇಜ್ 500 ಮೈಕ್ರಾನ್, ಅಂದರೆ ಅರ್ಧ ಮಿ.ಮೀ. ಪಾಲಿಹೌಸಿನ 200 ಮೈಕ್ರಾನ್ ಹಾಳೆ ಸುಮಾರು 800 ಗೇಜ್, ಮಲ್ಚಿಂಗ್ ಹಾಳೆಯ 25 ಮೈಕ್ರಾನ್ 100 ಗೇಜ್.

ಹಾಳೆಯ ಮೇಲೆ ಅಚ್ಚಾದದ್ದನ್ನು ನಂಬುವುದಕ್ಕಿಂತ ತೂಕ ನೋಡಿ. 500 ಮೈಕ್ರಾನ್ ಎಚ್‌ಡಿಪಿಇ ಹಾಳೆ ಒಂದು ಚದರ ಮೀಟರಿಗೆ 470 ಗ್ರಾಂ ಆಸುಪಾಸು ತೂಗಬೇಕು, ಒಂದು ಚದರ ಅಡಿ ತುಂಡು 44 ಗ್ರಾಂ. ಹೊಂಡಕ್ಕೆ 500 ಚದರ ಮೀಟರ್ ಬೇಕಾದರೆ ಇಡೀ ಹಾಳೆ 235 ಕೆಜಿ. 180 ಕೆಜಿ ಬಂತು ಅಂದರೆ ನಿಮಗೆ ಸಿಕ್ಕಿದ್ದು 380 ಮೈಕ್ರಾನ್. ಮಲ್ಚಿಂಗ್ ರೋಲ್ 1.2 ಮೀಟರ್ ಅಗಲ, 400 ಮೀಟರ್ ಉದ್ದ, 25 ಮೈಕ್ರಾನ್ ಎಂದಿದ್ದರೆ ಒಳಗಿನ ಕೊಳವೆ ಬಿಟ್ಟು ಸುಮಾರು 11 ಕೆಜಿ ಇರಬೇಕು.

ಇನ್ನು ಹೊಂಡದಲ್ಲಿ ಹಾಳೆ ಹರಿಯುವುದು ಗೇಜ್ ಸಾಲದ್ದಕ್ಕಿಂತ ಹಾಸುವುದರಲ್ಲಿ ತಪ್ಪಿದ್ದಕ್ಕೆ. ಬೇರು, ಕಲ್ಲಿನ ಚೂಪು ತೆಗೆದು, ತಳಕ್ಕೆ ಜರಡಿ ಹಿಡಿದ ಮಣ್ಣು ಹಾಕಿ ತಟ್ಟಬೇಕು. ಹಾಳೆಯನ್ನು ಡೋಲಿನ ಹಾಗೆ ಬಿಗಿಯಬಾರದು. ನೀರಿನ ಭಾರಕ್ಕೆ ಇಳಿಯಲು ಮೂಲೆಗಳಲ್ಲಿ ಸ್ವಲ್ಪ ಸಡಿಲ ಇರಲಿ. ದಂಡೆಯ ಮೇಲೆ ಸುತ್ತ ಸಣ್ಣ ಕಾಲುವೆ ತೋಡಿ ಅಂಚನ್ನು ಅದರೊಳಗೆ ಮಡಚಿ ಮಣ್ಣು ತುಂಬಿ. ಇಲ್ಲದಿದ್ದರೆ ಗಾಳಿ ಒಳಹೊಕ್ಕು ಹಾಳೆಯನ್ನು ಎತ್ತಿ ಬಡಿಯುತ್ತದೆ, ಮಡಿಕೆಯ ಜಾಗದಲ್ಲಿ ಮೊದಲು ಸೀಳು ಬೀಳುತ್ತದೆ.

ಪ್ರಶ್ನೆ: ಸುಟ್ಟ ಮೋಟರಿಗೆ ರಿವೈಂಡಿಂಗ್ ಮಾಡಿಸಿದೆ. 19 ಗೇಜ್ ತಂತಿ ಇದ್ದ ಜಾಗಕ್ಕೆ 22 ಗೇಜ್ ಜೋಡಿ ಎಳೆ ಹಾಕಿದ್ದಾರೆ. ತೆಳು ತಂತಿ ಹಾಕಿ ತಾಮ್ರ ಉಳಿಸಿಕೊಂಡರೇ? — ರೈತರು, ಸಿಂಧನೂರು

ಉತ್ತರ: ಇಲ್ಲ, ಇದು ಒಪ್ಪುವ ಲೆಕ್ಕವೇ. 19 ಗೇಜ್ ಇಂಚಿನ ಸಾವಿರದಲ್ಲಿ 40 ಪಾಲು, 22 ಗೇಜ್ 28 ಪಾಲು. ಕರೆಂಟಿಗೆ ದಾರಿ ಎಷ್ಟು ಅಗಲ ಎಂದು ನೋಡಲು ಇವನ್ನು ವರ್ಗ ಮಾಡಬೇಕು: 40ರ ವರ್ಗ 1600, 28ರ ವರ್ಗ 784, ಜೋಡಿ ಎಳೆಗೆ 1568. ವ್ಯತ್ಯಾಸ ಶೇ. 2 ಮಾತ್ರ. ದಪ್ಪ ತಂತಿ ಬಾಗಿಸುವುದು ಕಷ್ಟ, ಸ್ಲಾಟಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ, ಅದಕ್ಕೇ ಜೋಡಿ ಎಳೆ ಹಾಕುತ್ತಾರೆ.

ಕೆಡುವುದು ಎಲ್ಲಿ ಗೊತ್ತೇ? 19ರ ಜಾಗಕ್ಕೆ ಒಂಟಿ 20 ಹಾಕಿದಾಗ. ಒಂದೇ ನಂಬರಿನ ವ್ಯತ್ಯಾಸ ಅನ್ನಿಸುತ್ತದೆ, ಆದರೆ ತಾಮ್ರ ಶೇ. 19ರಷ್ಟು ಇಳಿದು, ಅದೇ ಕರೆಂಟಿಗೆ ವೈಂಡಿಂಗಿನಲ್ಲಿ ಹುಟ್ಟುವ ಬಿಸಿ ಶೇ. 23ರಷ್ಟು ಏರುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ಮೋಟರ್ ಹೆಚ್ಚು ಕರೆಂಟ್ ಎಳೆಯುವಾಗ ಈ ಬಿಸಿಯೇ ತಂತಿಯ ಮೇಲಿನ ಎನಾಮಲ್ ಲೇಪವನ್ನು ಸುಡುವುದು.

ಮುಂದಿನ ಸಲ ಹಳೆಯ ವೈಂಡಿಂಗ್ ಕೀಳುವ ಮೊದಲೇ ಮೂರು ಸಂಗತಿ ಬರೆಸಿಕೊಳ್ಳಿ: ತಂತಿಯ ಗೇಜ್, ಒಂದು ಕಾಯಿಲಿನ ಸುತ್ತು, ಕಿತ್ತ ತಾಮ್ರದ ತೂಕ. ಹೊಸ ತಾಮ್ರದ ತೂಕ ಹಳೆಯದರ ಹತ್ತಿರಕ್ಕೆ ಬರಬೇಕು. ಅಳೆಯುವಾಗ ತುದಿಯ ಎನಾಮಲನ್ನು ಬೆಂಕಿಕಡ್ಡಿಯಲ್ಲಿ ಸುಟ್ಟು, ನಯವಾದ ಉಪ್ಪುಕಾಗದದಿಂದ ಹಗುರಾಗಿ ಒರೆಸಿ, ಬರೀ ತಾಮ್ರವನ್ನೇ ಅಳೆಯಬೇಕು. ಲೇಪ ಸೇರಿಸಿ ಅಳೆದರೆ 20 ಕೂಡ 19ರ ಹತ್ತಿರ ಕಾಣುತ್ತದೆ. ಸ್ಕ್ರೂಗೇಜ್ ಇಲ್ಲವೇ? ಪೆನ್ಸಿಲ್ ಮೇಲೆ ಒಂದಕ್ಕೊಂದು ತಾಗುವಂತೆ 20 ಸುತ್ತು ಸುತ್ತಿ ಸ್ಕೇಲಿಟ್ಟು ನೋಡಿ: ಬರೀ ತಾಮ್ರದ 19 ಗೇಜ್ ಆದರೆ 20 ಮಿ.ಮೀ. ಬಿಟ್ಟು ಸ್ವಲ್ಪ ಹೆಚ್ಚು, 20 ಗೇಜ್ ಆದರೆ 18ರ ಸುಮಾರು. ಬೋರ್‌ವೆಲ್‌ನ ನೀರು ತುಂಬಿದ ಸಬ್‌ಮರ್ಸಿಬಲ್ ಮೋಟರಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ದಪ್ಪವಾಗಿರುವುದರಿಂದ, ಹೊದಿಕೆ ಸುಲಿಯದೆ ಅಳೆದ ಅಳತೆಗೆ ಅರ್ಥವೇ ಇಲ್ಲ.

ಪ್ರಶ್ನೆ: ಸೂಜಿಯ ಗೇಜ್, ಬಣ್ಣ ಎರಡೂ ಬಾಯಿಪಾಠ ಮಾಡಿದ್ದೆ. ವಾರ್ಡಿನಲ್ಲಿ 18 ಎಂದಾಗ ಒಬ್ಬರು ಗುಲಾಬಿ, ಇನ್ನೊಬ್ಬರು ಹಸಿರು ಎತ್ತಿಕೊಟ್ಟರು! — ನರ್ಸಿಂಗ್ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಇಬ್ಬರೂ ಸರಿ. ಸಿರಿಂಜಿಗೆ ಹಾಕುವ ಸೂಜಿಯ ಬಣ್ಣಗಳು ಬೇರೆ, ಡ್ರಿಪ್ ಹಾಕುವ ಐವಿ ಕ್ಯಾನುಲಾದ ಬಣ್ಣಗಳು ಬೇರೆ. ಸೂಜಿಯಲ್ಲಿ 18 ಗುಲಾಬಿ, 21 ಹಸಿರು, 22 ಕಪ್ಪು, 23 ನೀಲಿ, 25 ಕಿತ್ತಳೆ, 26 ಕಂದು. ಕ್ಯಾನುಲಾದಲ್ಲಿ 16 ಬೂದು, 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ಆದ್ದರಿಂದ ‘ಹಸಿರು ಕೊಡಿ’ ಎನ್ನುವುದಕ್ಕಿಂತ ವಸ್ತುವಿನ ಹೆಸರು, ನಂಬರು ಎರಡನ್ನೂ ಹೇಳುವುದೇ ಕ್ಷೇಮ.

ಇಲ್ಲೂ ತಂತಿಯ ನಿಯಮವೇ, ನಂಬರು ಏರಿದರೆ ಸೂಜಿ ತೆಳು. 18ರ ಹೊರವ್ಯಾಸ 1.27 ಮಿ.ಮೀ., 23ರದ್ದು 0.64. ಮಕ್ಕಳ ಲಸಿಕೆಗೆ ಸ್ನಾಯುವಿಗೆ ಚುಚ್ಚುವಾಗ 23, ಚರ್ಮದ ಪದರದೊಳಗೆ ಹಾಕುವ ಬಿಸಿಜಿಗೆ 26. ರಕ್ತದಾನಕ್ಕೆ ಮಾತ್ರ 16ರಂಥ ದಪ್ಪ ಸೂಜಿ. ತೆಳುವಾದರೆ ಚೀಲ ತುಂಬುವುದು ತಡವಾಗುತ್ತದೆ. ಅದೇ ವಾರ್ಡಿನ ಮೂತ್ರದ ಕ್ಯಾತಿಟರ್ ಮೇಲಿರುವ ‘16 ಫ್ರೆಂಚ್’ ಗೇಜ್ ಅಲ್ಲ. ಅದು ಏರಿದಂತೆ ದಪ್ಪವಾಗುತ್ತದೆ, ಮೂರು ಫ್ರೆಂಚ್ ಸೇರಿದರೆ ಒಂದು ಮಿ.ಮೀ. ಇನ್ನೊಂದು, ಗಾಯಕ್ಕೆ ಕಟ್ಟುವ ‘ಗಾಜ್’ ಬಟ್ಟೆಗೂ ಗೇಜಿಗೂ ನಂಟಿಲ್ಲ. ಉಚ್ಚಾರ ಹತ್ತಿರವಿದೆ ಎಂದು ಔಷಧಿ ಅಂಗಡಿಯ ಚೀಟಿಯಲ್ಲಿ ಒಂದರ ಬದಲು ಇನ್ನೊಂದು ಬರೆಯುವವರಿದ್ದಾರೆ.

ಪ್ರಶ್ನೆ: ರೈಲಿನ ಗೇಜ್‌ಗೂ ಇದಕ್ಕೂ ಏನು ಸಂಬಂಧ? ನಮ್ಮ ಮೆಟ್ರೊ ರೈಲು ಸಾಮಾನ್ಯ ಹಳಿಯ ಮೇಲೆ ಓಡಬಲ್ಲದೆ? — ಬಂಗಾರಪೇಟೆ

ಉತ್ತರ: ರೈಲಿನಲ್ಲಿ ಗೇಜ್ ಎಂದರೆ ಎರಡು ಹಳಿಗಳ ಒಳಮೈಗಳ ನಡುವಿನ ಅಂತರ, ನೇರ ಅಳತೆ. ಬ್ರಾಡ್ ಗೇಜ್ 1676 ಮಿ.ಮೀ. (ಐದೂವರೆ ಅಡಿ), ಮೀಟರ್ ಗೇಜ್ 1000, ನ್ಯಾರೋ ಗೇಜ್ 762 ಅಥವಾ 610. ನಮ್ಮ ಮೆಟ್ರೊ ಸ್ಟ್ಯಾಂಡರ್ಡ್ ಗೇಜಿನದು, 1435 ಮಿ.ಮೀ.; ಬ್ರಾಡ್ ಗೇಜ್ ಹಳಿಯ ಮೇಲೆ ಅದರ ಗಾಲಿ ಕೂರುವುದೇ ಇಲ್ಲ. ನಿಮ್ಮ ಊರಿನಿಂದಲೇ ಕೋಲಾರದ ಕಡೆಗೆ ಒಂದು ಕಾಲದಲ್ಲಿ ನ್ಯಾರೋ ಗೇಜ್ ರೈಲು ಓಡುತ್ತಿತ್ತು. ಮದ್ರಾಸಿನಿಂದ 1864ರಲ್ಲಿ ಬೆಂಗಳೂರು ದಂಡಿಗೆ ಬಂದದ್ದು ಬ್ರಾಡ್ ಗೇಜ್, 1882ರಲ್ಲಿ ಮೈಸೂರು ಮುಟ್ಟಿದ್ದು ಮೀಟರ್ ಗೇಜ್. ಎರಡರ ನಡುವೆ ಸಾಗುವ ಸರಕನ್ನು ಇಳಿಸಿ ಮತ್ತೆ ಹೇರಬೇಕಿತ್ತು. ಈ ತಾಪತ್ರಯ ಕಳೆಯಲೆಂದೇ 1992ರಲ್ಲಿ ದೇಶದಲ್ಲಿ ಹಳಿಗಳನ್ನು ಬ್ರಾಡ್ ಗೇಜ್ ಒಂದಕ್ಕೇ ತರುವ ಯುನಿಗೇಜ್ ಯೋಜನೆ ಶುರುವಾಯಿತು.

ಪ್ರಶ್ನೆ: ಪತ್ರಿಕೆಯಲ್ಲಿ ಕೆಆರ್‌ಎಸ್ ಮಟ್ಟ 124 ಅಡಿ, ಲಿಂಗನಮಕ್ಕಿ 1819 ಅಡಿ ಎಂದು ಬರುತ್ತದೆ. ಲಿಂಗನಮಕ್ಕಿ ಅಷ್ಟೊಂದು ಆಳವೇ? — ಮಂಡ್ಯ

ಉತ್ತರ: ಆಳವಲ್ಲ, ಸೊನ್ನೆ ಎಲ್ಲಿಟ್ಟರು ಎಂಬ ಪ್ರಶ್ನೆ. ಕೆಆರ್‌ಎಸ್ ಗೇಜಿನ ಸೊನ್ನೆ ನದಿಪಾತ್ರದ ತಳದಲ್ಲಿದೆ, ತುಂಬಿದಾಗ 124.80 ಅಡಿ. ಲಿಂಗನಮಕ್ಕಿಯ 1819, ಕಬಿನಿಯ 2284, ಹಾರಂಗಿಯ 2859, ತುಂಗಭದ್ರೆಯ 1633 ಅಡಿ ಎಲ್ಲವೂ ಸಮುದ್ರಮಟ್ಟದಿಂದ ಎಣಿಸಿದ್ದು. ಆಲಮಟ್ಟಿಯ 519.60 ಮಾತ್ರ ಮೀಟರಿನಲ್ಲಿ. ಹೀಗಾಗಿ ಎರಡು ಜಲಾಶಯಗಳ ಅಂಕಿಯನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ವ್ಯರ್ಥ; ನೀರಿನ ಪ್ರಮಾಣ ಹೇಳುವ ಟಿಎಂಸಿ ನೋಡಿ. ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಮೇಲಿನ ಒಂದು ಅಡಿಯಲ್ಲಿರುವ ನೀರು ತಳದ ಒಂದು ಅಡಿಗಿಂತ ಎಷ್ಟೋ ಪಟ್ಟು ಹೆಚ್ಚು. ‘ಇನ್ನು ಐದೇ ಅಡಿ ಬಾಕಿ’ ಎಂಬ ಸುದ್ದಿ ಓದುವಾಗ ಇದು ನೆನಪಿರಲಿ.

ಮಳೆಯ ಗೇಜ್ ಇದಕ್ಕಿಂತ ಸರಳ. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. 30×40 ಅಡಿ ತಾರಸಿಯ ಮೇಲೆ 10 ಮಿ.ಮೀ. ಬಿದ್ದರೆ ಸುಮಾರು 1,100 ಲೀಟರ್.

ಪ್ರಶ್ನೆ: ಹನಿ ನೀರಾವರಿ ಫಿಲ್ಟರಿಗೆ ಎರಡು ಪ್ರೆಶರ್ ಗೇಜ್ ಯಾಕೆ? ಒಂದು ಕೆಟ್ಟಿದೆ, ಹಾಗೇ ಬಿಡಬಹುದೇ? — ದ್ರಾಕ್ಷಿ ಬೆಳೆಗಾರರು, ವಿಜಯಪುರ

ಉತ್ತರ: ಬಿಡಬೇಡಿ. ಒಂದು ನೀರು ಒಳಹೋಗುವಲ್ಲಿ, ಇನ್ನೊಂದು ಹೊರಬರುವಲ್ಲಿ. ನಿಮಗೆ ಬೇಕಾದದ್ದು ಎರಡರ ವ್ಯತ್ಯಾಸ. ಅದು ಚದರ ಸೆಂ.ಮೀ.ಗೆ ಅರ್ಧ ಕೆಜಿ ದಾಟಿತೆಂದರೆ ಫಿಲ್ಟರ್ ಕಟ್ಟಿಕೊಂಡಿದೆ, ತೊಳೆಯಬೇಕು. ಮೋಟರ್ ನಿಲ್ಲಿಸಿ ಒತ್ತಡವೆಲ್ಲ ಇಳಿದ ಮೇಲೂ ಮುಳ್ಳು ಸೊನ್ನೆಗೆ ಬರದಿದ್ದರೆ ಆ ಗೇಜ್ ಕೆಟ್ಟಂತೆ. ಅಂದಹಾಗೆ ಆ ಸೊನ್ನೆಯೂ ನಿಜವಾದ ಸೊನ್ನೆಯಲ್ಲ. ಪಂಕ್ಚರ್ ಆದ ಟೈರಿನ ಒಳಗೂ ಹೊರಗಿನಷ್ಟೇ, ಸುಮಾರು 14.7 ಪಿಎಸ್‌ಐ ಗಾಳಿ ಇರುತ್ತದೆ. ಗೇಜ್ ಅದಕ್ಕಿಂತ ಮೇಲಿನದನ್ನು ಮಾತ್ರ ಎಣಿಸುತ್ತದೆ.

ಪ್ರಶ್ನೆ: ಗೇಜಿಗೆ ಕನ್ನಡದಲ್ಲಿ ‘ಮಾಪಕ’ ಎನ್ನಬಹುದಲ್ಲವೇ? — ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಅಳೆಯುವ ಸಾಧನವಾದರೆ ಧಾರಾಳವಾಗಿ: ಮಳೆಮಾಪಕ, ಒತ್ತಡಮಾಪಕ. ತಂತಿಗೆ ‘12 ಮಾಪಕದ ತಂತಿ’ ಎಂದರೆ ಅಂಗಡಿಯಲ್ಲಿ ಯಾರೂ ತೆಗೆದುಕೊಡುವುದಿಲ್ಲ. ಅಲ್ಲಿ ‘ದಪ್ಪ ಎಷ್ಟು ಮಿ.ಮೀ.’ ಎಂದು ಕೇಳಿ. ಹಳಿಗೆ ‘ಹಳಿ ಅಂತರ’ ಹೊಂದುತ್ತದೆ. ಮೆಕ್ಯಾನಿಕ್‌ಗಳು ಎಂಜಿನ್ನಿನ ಟ್ಯಾಪೆಟ್ ಸಂದು ನೋಡಲು ಬಳಸುವ ತೆಳು ಉಕ್ಕಿನ ಎಲೆಗಳ ಕಟ್ಟಿಗೆ ‘ಫಿಲ್ಲರ್ ಗೇಜ್’ ಎನ್ನುತ್ತಾರೆ. ಮೂಲ ಹೆಸರು ಫೀಲರ್. ಏನನ್ನೂ ತುಂಬುವುದಿಲ್ಲ, ಎಲೆ ಸಂದಿನಲ್ಲಿ ಜಾರುವ ಬಿಗಿಯನ್ನು ಕೈಗೆ ತಿಳಿಸುತ್ತದೆ.

ಪ್ರಶ್ನೆ: ಅಡುಗೆಮನೆ ಸಿಂಕ್ ಮೇಲೆ 304 ಎಂದಿದೆ. ಇದು ಎಷ್ಟು ಗೇಜ್? — ಮೈಸೂರು

ಉತ್ತರ: 304 ಉಕ್ಕಿನ ಗ್ರೇಡ್, ಅಂದರೆ ಅದರೊಳಗೆ ಏನು ಬೆರೆಸಿದ್ದಾರೆ ಎಂಬುದು, ದಪ್ಪಕ್ಕೆ ಸಂಬಂಧವಿಲ್ಲ. ತುಕ್ಕು ತಡೆಯುವುದು ಗ್ರೇಡ್, ತಗ್ಗು ಬೀಳದಂತೆ ತಡೆಯುವುದು ಗೇಜ್. 18 ಗೇಜ್ ಸುಮಾರು 1.2 ಮಿ.ಮೀ., 20 ಗೇಜ್ 0.9. ತೊಟ್ಟಿಯ ತಳ ಎಳೆದು ತಯಾರಿಸುವಾಗ ತೆಳುವಾಗಿರುತ್ತದೆ. ಅಂಚಿನಲ್ಲಿ ಅಳೆದದ್ದೇ ತಳದಲ್ಲೂ ಇರುತ್ತದೆ ಎಂದುಕೊಳ್ಳಬೇಡಿ. ಹೆಬ್ಬೆರಳಿನಿಂದ ತಳದ ಮಧ್ಯೆ ಒತ್ತಿ ನೋಡಿ. ‘ಟಕ್’ ಎಂದು ಒಳಗೆ ಹೋಗಿ ಹೊರಬಂದರೆ ಬೇರೆಯದು ತೋರಿಸಲು ಹೇಳಿ.